ಕಾಗೆ ಕರೆದ ಸಭೆ

ಆಲದಮರದ ಶಾಲೆಯ ವಿದ್ಯಾರ್ಥಿ ಸಂಘಕ್ಕೆ ಕೋಗಿಲೆ ಅಧ್ಯಕ್ಷ, ಕಾಗೆ ಕಾರ್ಯದರ್ಶಿ. ಅಂದಿನ ಸಭೆಗೂ ಕೋರಂ ತುಂಬದಿದ್ದರೆ ಸಂಘವನ್ನೇ ಮುಚ್ಚುವುದಾಗಿ ಗೂಬೆ ಮೇಷ್ಟ್ರು ಹೇಳಿಬಿಟ್ಟಿದ್ದರು.

ಕೋಗಿಲೆ ಇಂಪಾಗಿ ಹಾಡಿ ಎಲ್ಲರನ್ನೂ ಕರೆಯಿತು. ಹಕ್ಕಿಗಳು ತಮ್ಮ ತಮ್ಮ ಕೊಂಬೆಯಲ್ಲೇ ಕೂತು ತಲೆದೂಗಿದವು, ಒಂದೂ ಬರಲಿಲ್ಲ.

ಆಗ ಕಾಗೆ ಮರದಿಂದ ಮರಕ್ಕೆ ಹಾರಿ ಪ್ರತಿ ಗೂಡಿನ ಮುಂದೆಯೂ ಕೂಗಿತು. "ಕಿವಿ ತಮಟೆ ಹರಿದುಹೋಯಿತು, ನಿಲ್ಲಿಸು!" ಎಂದು ಗಿಳಿ ಅಟ್ಟಿಸಿಕೊಂಡು ಬಂತು. ಅದರ ಹಿಂದೆ ಮೈನಾ, ಗುಬ್ಬಿ, ಮರಕುಟಿಗ, ಎಲ್ಲವೂ ಬೈಯುತ್ತಲೇ ಬಂದವು. ಕಾಗೆ ನೇರವಾಗಿ ಆಲದಮರಕ್ಕೇ ಹಾರಿತು. ಕೋರಂ ತುಂಬಿತು.

"ಇಷ್ಟೊಂದು ಬೈಸಿಕೊಂಡೆಯಲ್ಲ, ಬೇಸರವಾಗಲಿಲ್ಲವೆ?" ಎಂದು ಕೋಗಿಲೆ ಬೆರಗಾಗಿ ಕೇಳಿತು.

"ಬೇಸರವನ್ನು ಸಭೆ ಮುಗಿದ ಮೇಲೆ ಮಾಡಿಕೊಳ್ಳುತ್ತೇನೆ, ಅಧ್ಯಕ್ಷರೇ. ಎಲ್ಲರೂ ಬಂದಿದ್ದಾರೆ, ಶುರು ಮಾಡಿ" ಎಂದಿತು ಕಾಗೆ.