ದೊರೆಯ ಎಲೆಗೆ ಎಲ್ಲವೂ ಒಟ್ಟಿಗೆ

ಹಾಲುಗಿರಿಯ ದೊರೆ ಮುದ್ದಭೂಪಾಲನಿಗೆ ಒಂದು ಹೆಮ್ಮೆ. "ನಮ್ಮ ಅರಮನೆಯಲ್ಲಿ ಯಾವ ಕೆಲಸವೂ ಕಾಯುವುದಿಲ್ಲ. ನಾವು ಬಾಯಿ ತೆರೆಯುವುದೇ ತಡ, ಆಗಿಹೋಗಿರುತ್ತದೆ!" ಎಂದು ಬಂದವರ ಮುಂದೆಲ್ಲ ಮೀಸೆ ತಿರುವುತ್ತಿದ್ದ.

ಆಗಿಹೋಗುತ್ತಿದ್ದದ್ದೇನೋ ನಿಜ. ಆದರೆ ಅದನ್ನೆಲ್ಲ ಮಾಡುತ್ತಿದ್ದವನು ಪಾರುಪತ್ತೇಗಾರ ಅಳಸಿಂಗಯ್ಯ ಒಬ್ಬನೇ. ಮೊದಲು ಅವನಿಗೆ ಉಗ್ರಾಣವಷ್ಟೇ ಇತ್ತು. ಅದನ್ನು ಚೆನ್ನಾಗಿ ನೋಡಿಕೊಂಡ ತಪ್ಪಿಗೆ ಆನೆಲಾಯ ಬಂತು. ಆನೆಗಳು ಮೈ ತುಂಬಿಕೊಂಡ ಖುಷಿಗೆ ಹೂದೋಟ ಬಂತು. ಆಮೇಲೆ ಅತಿಥಿಗೃಹ, ಕೋಟೆಯ ರಿಪೇರಿ, ರಾಣಿಯವರ ಗಿಳಿಗಳಿಗೆ ಮಾತು ಕಲಿಸುವುದು. ಯಾವುದಕ್ಕೂ ಅವನು "ಅಪ್ಪಣೆ, ಪ್ರಭು" ಎನ್ನುತ್ತಿದ್ದನೇ ಹೊರತು ಬೇರೆ ಮಾತಿಲ್ಲ.

ಈಚೀಚೆಗೆ ಹೆಂಡತಿ "ಇನ್ನೊಂದಿಷ್ಟು ಅನ್ನ ಹಾಕಲೇ?" ಎಂದರೂ "ಅಪ್ಪಣೆ, ಪ್ರಭು" ಎನ್ನತೊಡಗಿದ್ದ. ಎದೆಯಲ್ಲಿ ಸದಾ ಡವಡವ. ಒಂದು ಕೆಲಸಕ್ಕೆ ಕೈಹಾಕಿದರೆ ಇನ್ನೊಂದು ಕೂಗುತ್ತಿತ್ತು. ಅದರ ಕಡೆ ಓಡಿದರೆ ಮತ್ತೊಂದು ಬೆನ್ನುಹತ್ತುತ್ತಿತ್ತು.

ಕೊನೆಗೆ ಒಂದು ದಿನ ಎಡವಟ್ಟಾಯಿತು. ಪಕ್ಕದ ರಾಜ್ಯದ ರಾಯಭಾರಿ ಬಂದಿದ್ದ. ಗಡಿಬಿಡಿಯಲ್ಲಿ ಅಳಸಿಂಗಯ್ಯ ಮಲ್ಲಿಗೆಹಾರವನ್ನು ಆನೆಲಾಯಕ್ಕೂ ಒಂದು ಗಾಡಿ ಹಸಿಹುಲ್ಲನ್ನು ಅತಿಥಿಗೃಹಕ್ಕೂ ಕಳಿಸಿಬಿಟ್ಟ. ಆನೆ ಹಾರವನ್ನು ತಿಂದು ಮುಗಿಸಿತು. ರಾಯಭಾರಿ ಪಾಪ, ಇದೂ ಹಾಲುಗಿರಿಯ ಒಂದು ಮರ್ಯಾದೆ ಇರಬೇಕೆಂದು ಕಿವಿಗೆ ಒಂದೆಸಳು ಹುಲ್ಲು ಸಿಕ್ಕಿಸಿಕೊಂಡೇ ಸಭೆಗೆ ಬಂದ.

ದೊರೆಯ ಮುಖ ಕೆಂಪಾಯಿತು. "ಅಳಸಿಂಗಯ್ಯ! ಇವತ್ತು ಸಂಜೆಯೊಳಗೆ ಅತಿಥಿಗೃಹ ಸರಿಹೋಗಬೇಕು, ಕೋಟೆಗೋಡೆ ಮುಗಿಯಬೇಕು, ತೋಟ ಹಸನಾಗಬೇಕು, ಗಿಳಿಗಳು ನಮ್ಮ ಬಿರುದು ಹೇಳಬೇಕು. ಇಲ್ಲವೋ, ಗಂಟುಮೂಟೆ ಕಟ್ಟಿಕೊಂಡು ಊರು ಬಿಡು!"

"ಅಪ್ಪಣೆ, ಪ್ರಭು" ಎಂದ ಅಳಸಿಂಗಯ್ಯ ಹೊರಗೆ ಬಂದು, ಒಂದು ಕಂಬದ ಮರೆಯಲ್ಲಿ ಕುಸಿದು ಕೂತ. ಕಣ್ಣಲ್ಲಿ ನೀರು.

ಅಲ್ಲಿಗೆ ಬಂದ ಬೊಮ್ಮರಸ. ದೊರೆಯನ್ನು ನಗಿಸುವುದು ಅವನ ಉದ್ಯೋಗ. ನಗಿಸುತ್ತಲೇ ಚಿವುಟುವುದು ಅವನ ಚಾಳಿ.

"ಏನಯ್ಯ, ಯಾವ ಕೆಲಸ ಮೊದಲು?"

"ಅದೇ ತಿಳಿಯುತ್ತಿಲ್ಲ ಬೊಮ್ಮರಸ. ಎಲ್ಲವೂ ಮೊದಲೇ."

"ಇಷ್ಟೆಲ್ಲ ನನ್ನ ಕೈಲಾಗದು ಅಂತ ಹೇಳಬಾರದೇ?"

"ಹೇಳಿದರೆ ಕೈಲಾಗದವನು ಅಂದುಕೊಳ್ಳುತ್ತಾರೆ."

"ಈಗ ಏನು, ಬಹಳ ಸಮರ್ಥ ಅಂದುಕೊಂಡಿದ್ದಾರೋ?"

ಅಳಸಿಂಗಯ್ಯನಿಗೆ ಅಳುವಿನ ನಡುವೆಯೂ ನಗು ಬಂತು. "ಇಲ್ಲೇ ಕೂತು ಉಸಿರಾಡುತ್ತಿರು" ಎಂದು ಬೊಮ್ಮರಸ ಒಳಗೆ ಹೋದ.

"ಪ್ರಭು, ಒಂದು ಸಂದೇಹ. ಎಲ್ಲ ಕೆಲಸವನ್ನೂ ಒಟ್ಟಿಗೇ ಮಾಡಬಹುದೇ? ಒಂದಾದ ಮೇಲೆ ಒಂದು ಬೇಡವೇ?"

"ಒಂದಾದ ಮೇಲೆ ಒಂದು ಅನ್ನುವುದು ಸೋಮಾರಿಗಳ ಮಾತು" ಎಂದ ದೊರೆ.

"ಎಂಥ ಮಾತು! ಇವತ್ತಿನ ಮಟ್ಟಿಗೆ ಈ ನಿಯಮವನ್ನು ಅಡುಗೆಮನೆಯಲ್ಲೂ ಜಾರಿಗೆ ತರಲೇ?"

"ಧಾರಾಳವಾಗಿ!"

ಮಧ್ಯಾಹ್ನ ದೊರೆ ಊಟಕ್ಕೆ ಕೂತ. ಊಟವೆಂದರೆ ಅವನಿಗೆ ಪೂಜೆಯಿದ್ದಂತೆ. ಎಲೆಯ ತುದಿಗೆ ಉಪ್ಪು, ಆಮೇಲೆ ಕೋಸಂಬರಿ, ಆಮೇಲೆ ಪಲ್ಯ. ಹುಳಿ ಮುಗಿಯದೆ ಸಾರು ಕಣ್ಣಿಗೂ ಬೀಳಬಾರದು. ಬೊಮ್ಮರಸ ಅಳಸಿಂಗಯ್ಯನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿ, ಅಡುಗೆಯವರಿಗೆ ಕೈಬೀಸಿದ.

ಬಡಿಸುವವರೆಲ್ಲ ಒಟ್ಟಿಗೇ ನುಗ್ಗಿದರು. ಅನ್ನ ಬಿತ್ತು, ಅದರ ಮೇಲೆ ಪಾಯಸ, ಪಾಯಸದ ಮೇಲೆ ಹುಳಿ, ಹುಳಿಯೊಳಗೆ ಹೋಳಿಗೆ. ಹೋಳಿಗೆ ಮುಳುಗುವ ಮೊದಲೇ ಸಾರು, ಸಾರು ಹರಿಯುವ ಮೊದಲೇ ಮಜ್ಜಿಗೆ. ಇಷ್ಟರ ನೆತ್ತಿಗೆ ಒಂದು ಸೌಟು ಮಾವಿನಕಾಯಿ ಉಪ್ಪಿನಕಾಯಿ.

"ನಿಲ್ಲಿಸಿ! ಯಾವುದನ್ನಯ್ಯ ನಾನು ಮೊದಲು ತಿನ್ನಲಿ?"

"ಎಲ್ಲವನ್ನೂ, ಪ್ರಭು" ಎಂದ ಬೊಮ್ಮರಸ. "ಎಲ್ಲವೂ ತುರ್ತು. ಹೋಳಿಗೆ ಬಿಸಿಯಿದೆ, ಪಾಯಸ ಆರುತ್ತಿದೆ. ಬೇಗ ಬೇಗ!"

ಅಷ್ಟರಲ್ಲಿ ಮತ್ತೊಬ್ಬ ಮೊಸರಿನ ಪಾತ್ರೆ ಬಗ್ಗಿಸಿದ. ಸಾರು ಎಲೆ ದಾಟಿ ದೊರೆಯ ರೇಷ್ಮೆ ಪಂಚೆಗೆ ಇಳಿಯಿತು.

"ಅಯ್ಯೋ, ಬಡಿಸಬೇಡಿ!" ದೊರೆ ಎರಡೂ ಕೈ ಎಲೆಗೆ ಅಡ್ಡ ಹಿಡಿದ. "ಇರುವುದು ಒಂದೇ ಎಲೆ ಕಣಯ್ಯ! ಎಷ್ಟು ಅಂತ ಹಿಡಿಸುತ್ತದೆ?"

ಬೊಮ್ಮರಸ ಬಾಗಿಲ ಕಡೆ ತಿರುಗಿ ಕೈ ಮುಗಿದ. "ಪ್ರಭು, ಅಳಸಿಂಗಯ್ಯನೂ ಇರುವುದು ಒಬ್ಬನೇ."

ದೊರೆ ಎಲೆ ನೋಡಿದ. ಬಾಗಿಲಲ್ಲಿ ನಿಂತವನ ಬತ್ತಿದ ಮುಖ ನೋಡಿದ. ಆ ಮುಖವನ್ನು ಅವನು ಸರಿಯಾಗಿ ನೋಡಿ ಬಹಳ ಕಾಲವಾಗಿತ್ತು.

"ಅಳಸಿಂಗಯ್ಯ, ನಿನ್ನ ಕೈಲಿ ಏನೇನು ಆಗುತ್ತದೆ? ಸುಮ್ಮನೆ ತಲೆಯಾಡಿಸಬೇಡ, ನಿಜ ಹೇಳು."

ಅಳಸಿಂಗಯ್ಯನ ನಾಲಿಗೆ ಹಳೆಯ ಮಾತಿಗೇ ಹೊರಳಿತು. ಅವನು ತುಟಿ ಕಚ್ಚಿ ಅದನ್ನು ತಡೆದ. "ಉಗ್ರಾಣ, ಪ್ರಭು. ಮತ್ತೆ ಆನೆಗಳು. ಅವುಗಳ ಮೇಲೆ ನನಗೆ ಪ್ರೀತಿ. ಉಳಿದದ್ದು... ನನ್ನ ಕೈಲಿ ಆಗದು."

ಹೇಳಿಯಾದ ಮೇಲೆ ಕಣ್ಣು ಮುಚ್ಚಿ ನಿಂತ. ಸೂರು ಕಳಚಿ ಬೀಳಲಿಲ್ಲ. ಎದೆ ಮಾತ್ರ ಎಷ್ಟೋ ದಿನದ ಮೇಲೆ ಹಗುರಾಯಿತು.

"ಹಾಗೇ ಆಗಲಿ. ಊರು ಬಿಡುವ ಮಾತೂ ಬಿಟ್ಟೆವು" ಎಂದ ದೊರೆ. ಆಮೇಲೆ ಮೀಸೆಗೆ ಸಿಡಿದಿದ್ದ ಪಾಯಸ ಒರೆಸಿಕೊಳ್ಳುತ್ತ, ಕಣ್ಣಲ್ಲಿ ತುಂಟತನ ತುಂಬಿಕೊಂಡು ಬೊಮ್ಮರಸನ ಕಡೆ ತಿರುಗಿದ. "ಬೊಮ್ಮರಸ, ನಿನ್ನ ಜಾಣತನಕ್ಕೆ ಮೆಚ್ಚಿದೆವು. ಬಹುಮಾನವಾಗಿ ಹೂದೋಟ ನಿನಗೆ. ಅತಿಥಿಗೃಹ ನಿನಗೆ. ಕೋಟೆಗೋಡೆ ನಿನಗೆ. ಗಿಳಿಗಳೂ ನಿನಗೇ!"

ಬೊಮ್ಮರಸ ದಢಾರನೆ ದೊರೆಯ ಕಾಲಿಗೆ ಬಿದ್ದ.

"ಪ್ರಭು, ನಿಮ್ಮ ಊಟ ಕೆಡಿಸಿದ ಪಾಪಿ ನಾನು. ಬಹುಮಾನ ಬೇಡ, ಶಿಕ್ಷೆ ಕೊಡಿ. ಸೆರೆಮನೆಯಲ್ಲಾದರೆ ಒಂದೇ ಕೆಲಸ, ಸುಮ್ಮನೆ ಕೂತಿರುವುದು!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಕೆಲಸಗಳಿಗೆಲ್ಲ ಮಾರನೆಯ ದಿನವೇ ಬೇರೆ ಬೇರೆ ಜನ ಬಂದರು.