ಕೈ ಹಚ್ಚಬಾರದ ಸೈಕಲ್ಲು

ಬಯಲುಸೀಮೆಯ ಒಂದು ಊರಿನಲ್ಲಿ ಗುರುಪಾದಪ್ಪನೆಂಬ ಸೈಕಲ್ ಗುರುವಿದ್ದ. ಹರೆಯದಲ್ಲಿ ಡಾಂಬರು ರಸ್ತೆಯ ಪಂದ್ಯಗಳಲ್ಲಿ ಅವನನ್ನು ಹಿಂದೆ ಹಾಕಿದವರು ವಿರಳ. ವಯಸ್ಸು ಐವತ್ತು ದಾಟಿದ ಮೇಲೆ ಊರ ಹೊರಗೆ ಒಂದು ಅಂಗಳ ಹಿಡಿದು, ಸುತ್ತಲಿನ ತಾಂಡಾಗಳ, ತೋಟದ ವಸತಿಗಳ ಮಕ್ಕಳಿಗೆ ತನ್ನ ವಿದ್ಯೆಯನ್ನು ಧಾರೆಯೆರೆಯುತ್ತಿದ್ದ. ಒಳ್ಳೆಯ ಗುರು. ಶಿಷ್ಯರಿಗೆ ಜ್ವರ ಬಂದರೆ ಮನೆಗೆ ಹೋಗಿ ನೋಡುತ್ತಿದ್ದ. ಅಭ್ಯಾಸ ತಪ್ಪಿಸಿದರೆ ಅಂಗಳದ ಹೊರಗೆ ನಿಲ್ಲಿಸುತ್ತಿದ್ದ.

ಆ ಅಂಗಳದಲ್ಲಿ ಒಂದು ಪದ್ಧತಿಯಿತ್ತು. ಗುರುವಿನ ಸೈಕಲ್ಲಿಗೆ ಯಾವ ಶಿಷ್ಯರೂ ಕೈ ಹಚ್ಚುವಂತಿರಲಿಲ್ಲ. ಬೆಳಿಗ್ಗೆ ಬಂದವರು ಅದರ ಹ್ಯಾಂಡಲ್ಲಿಗೆ ಹಣೆ ಹಚ್ಚಿ ತಮ್ಮ ಅಭ್ಯಾಸಕ್ಕೆ ತೊಡಗಬೇಕು. ಅದನ್ನು ಒರೆಸುವುದು, ಎಣ್ಣೆ ಬಿಡುವುದು, ಗಾಳಿ ತುಂಬುವುದು ಎಲ್ಲವೂ ಅವನೊಬ್ಬನದೇ ಕೆಲಸ. ಶಿಷ್ಯರ ಸೈಕಲ್ಲುಗಳನ್ನಾದರೋ ಅವನು ದಿನವೂ ಪರೀಕ್ಷಿಸುತ್ತಿದ್ದ. ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಕಲ್ಲಾಗಬೇಕು, ಕಲ್ಲು" ಎನ್ನುತ್ತಿದ್ದ. ಗಟ್ಟಿ ಟೈರು ನುಣುಪಾದ ರಸ್ತೆಯಲ್ಲಿ ಹಗುರಾಗಿ ಓಡುತ್ತದೆ. ಅಷ್ಟರಮಟ್ಟಿಗೆ ಅವನ ಮಾತು ಸತ್ಯ.

ಅವನ ಶಿಷ್ಯರಲ್ಲಿ ಭೌರಮ್ಮ ಎಂಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಅವಳ ಮನಸ್ಸು ಮಾತ್ರ ಡಾಂಬರು ರಸ್ತೆಯಲ್ಲಿರಲಿಲ್ಲ; ಕಲ್ಲು ಗುಡ್ಡಗಳ ಮೇಲೆ ನಡೆಯುವ ಸೈಕಲ್ ಪಂದ್ಯಗಳ ಮೇಲಿತ್ತು. ಗುರುಪಾದಪ್ಪ ಅದನ್ನು ವಿದ್ಯೆಯೆಂದೇ ಒಪ್ಪಿರಲಿಲ್ಲ. "ಕಲ್ಲಿನ ಮ್ಯಾಲೆ ಕುಣಿಯೂದಕ್ಕ ಸೈಕಲ್ ಯಾಕವ್ವಾ? ಆಡು ಸಾಕಲ್ಲ" ಎಂದು ನಗುತ್ತಿದ್ದ. ಭೌರಮ್ಮ ಎದುರಾಡಲಿಲ್ಲ. ಬೆಳಗಿನ ಅಭ್ಯಾಸ ಮುಗಿಸಿ, ಸಂಜೆ ಹಾಳುಬಿದ್ದ ಕಲ್ಲುಗಣಿಗೆ ಹೋಗಿ, ವರ್ಷವಿಡೀ ಒಬ್ಬಳೇ ಹತ್ತಿದಳು, ಇಳಿದಳು, ಬಿದ್ದಳು, ಮತ್ತೆ ಹತ್ತಿದಳು. ಗುಡ್ಡದಲ್ಲಿ ಟೈರು ಕಲ್ಲಾಗಬಾರದು, ಅದು ಕೊಂಚ ಮೆತ್ತಗಿದ್ದು ನೆಲವನ್ನು ಕಚ್ಚಬೇಕು ಎಂಬುದನ್ನು ಅವಳಿಗೆ ಕಲಿಸಿದ್ದು ಮೊಣಕಾಲಿನ ಗಾಯಗಳು. ಗಣಿಗೆ ಹೋಗುವಾಗ ದಾರಿಯಲ್ಲಿ ಗಾಳಿ ಬಿಡುತ್ತಿದ್ದಳು. ಅಂಗಳಕ್ಕೆ ಬರುವ ಮೊದಲು ಮತ್ತೆ ತುಂಬಿಸಿಕೊಳ್ಳುತ್ತಿದ್ದಳು. ಗುರುವಿನ ಮಾತು ಸುಳ್ಳೆಂದು ತೋರಿಸುವುದು ಅವಳಿಗೆ ಬೇಕಿರಲಿಲ್ಲ.

ಆ ವರ್ಷ ಕೆಂಪು ಗುಡ್ಡಗಳ ಸಾಲಿನಲ್ಲಿ ಒಂದು ದೊಡ್ಡ ಪಂದ್ಯ ಗೊತ್ತಾಯಿತು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಗುಡ್ಡವನ್ನು ಸುತ್ತಬೇಕು. ಜೊತೆಗಾರರಿಲ್ಲ. ಅನ್ನ, ನೀರು, ರಿಪೇರಿಯ ಸಾಮಾನು ಎಲ್ಲವನ್ನೂ ಸ್ಪರ್ಧಿಯೇ ಹೊರಬೇಕು. ಹೆಚ್ಚು ಸುತ್ತು ಮುಗಿಸಿದವರು ಗೆದ್ದಂತೆ. ಹುಡುಗಿಯರಲ್ಲಿ ಮೊದಲು ಬಂದವಳಿಗೆ ರಾಷ್ಟ್ರದ ಕಿರಿಯರ ತಂಡದಲ್ಲಿ ಸ್ಥಾನ. ಭೌರಮ್ಮನಿಗೆ ಆ ತಂಡದ ವಯಸ್ಸಿನ ಮಿತಿ ದಾಟಲು ಕೆಲವೇ ತಿಂಗಳು ಉಳಿದಿದ್ದವು. ಇದು ಅವಳ ಪಾಲಿನ ಮೊದಲ ಅವಕಾಶ, ಕೊನೆಯದೂ ಹೌದು.

ಅವಳು ಹೆಸರು ಕೊಟ್ಟ ಸುದ್ದಿ ಕೇಳಿ ರಾಚಪ್ಪ ಅಂಗಳಕ್ಕೆ ಬಂದ. ರಾಚಪ್ಪ ಗುರುಪಾದಪ್ಪನ ಹಳೆಯ ಜೊತೆಗಾರ. ಪಂದ್ಯಗಳಲ್ಲಿ ಅವನ ಹಿಂದೆಯೇ ಉಳಿದವನು.

"ಏನ್ ಮಾಸ್ತರ, ಹುಡುಗಿ ಗುಡ್ಡಾ ಹತ್ತಾಕ ಹೊಂಟಾಳ. ನೀ ಇಲ್ಲೇ ಸೀಟಿ ಊದಕೋತ ಕುಂಡ್ರಾಂವಾ?" ಎಂದ.

"ನಾ ಬರೇ ಸೀಟಿ ಊದಾಂವಂತ ಯಾರಂದ್ರು?"

"ಯಾರೂ ಅಂದಿಲ್ಲಪಾ. ನಿನ್ನ ಹೊಟ್ಟೀನ ಹೇಳಾಕತ್ತೈತಿ."

ಶಿಷ್ಯರು ನಗೆ ತಡೆಯಲಾರದೆ ಮುಖ ತಿರುವಿದರು. ಗುರುಪಾದಪ್ಪ ಆ ತಿರುವಿದ ಮುಖಗಳನ್ನು ನೋಡಿದ. ಸಂಜೆಯೊಳಗೆ ಹಿರಿಯರ ವಿಭಾಗದಲ್ಲಿ ತನ್ನ ಹೆಸರನ್ನೂ ಕೊಟ್ಟು ಬಂದ.

ಪಂದ್ಯಕ್ಕೆ ಹದಿನೈದು ದಿನವೂ ಇರಲಿಲ್ಲ. ಅವನು ದಪ್ಪ ಟೈರಿನ ಗುಡ್ಡದ ಸೈಕಲ್ಲೊಂದನ್ನು ತಂದು ನಿಲ್ಲಿಸಿದ. ಮರುದಿನದಿಂದ ಶಿಷ್ಯರು ಅದಕ್ಕೂ ಹಣೆ ಹಚ್ಚತೊಡಗಿದರು. ಸಂಜೆ ಹೊತ್ತು ಊರ ಹೊರಗಿನ ಸಪಾಟು ರಸ್ತೆಯಲ್ಲಿ ಅದನ್ನು ಓಡಿಸಿ ಬಂದು, ಕಾಲು ಚಾಚಿ ಕುಳಿತು, "ಹಳೇ ಕಾಲು, ಆದ್ರ ಮರ್ತಿಲ್ಲ" ಎನ್ನುತ್ತಿದ್ದ.

ಭೌರಮ್ಮ ಒಂದು ದಿನ ಧೈರ್ಯ ತಂದುಕೊಂಡಳು. "ಮಾಸ್ತರ, ಒಮ್ಮೆ ಗಣಿ ಕಡೆ ಬರ್ರಿ. ಇಳಿಜಾರ ಹೆಂಗಿರತೈತಿ ನೋಡೂಣಂತ."

"ನನಗ ನೀ ಸೈಕಲ್ ಕಲಸ್ತೀ?"

"ಹಂಗಲ್ರಿ. ಅಭ್ಯಾಸಿಲ್ದ ಪಂದ್ಯಕ್ಕ ನಿಲ್ಲಬಾರದಂತ ನೀವ ಹೇಳೀರಲ್ರಿ."

"ಅದು ನಿಮಗ ಹೇಳಿದ್ದು" ಎಂದ ಗುರುಪಾದಪ್ಪ.

ಪಂದ್ಯದ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಬಾವುಟದ ಕಟ್ಟೆಯ ಮುಂದೆ ಸ್ಪರ್ಧಿಗಳು ನೆರೆದರು. ಗುರುಪಾದಪ್ಪ ತನ್ನ ಟೈರುಗಳಿಗೆ ಗಾಳಿ ತುಂಬಿ, ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಟಣ್ಣೆಂದಿತು. ತೃಪ್ತಿಯಾಯಿತು. ಪಕ್ಕದಲ್ಲಿದ್ದ ಭೌರಮ್ಮ ಆ ಸದ್ದಿಗೆ ತಿರುಗಿದಳು. ಹತ್ತಿರ ಬಂದು, ಬಗ್ಗಿ, ಅವನ ಮುಂದಿನ ಟೈರಿನ ಕಡೆ ಕೈ ಚಾಚಿದಳು.

"ಮಾಸ್ತರ, ಗಾಳಿ ಒಂಚೂರು..."

"ಕೈ ಅಲ್ಲ, ಹಣಿ" ಎಂದ ಗುರುಪಾದಪ್ಪ. ರಾಚಪ್ಪನೂ ಅಂಗಳದ ಮಕ್ಕಳೂ ನೋಡುತ್ತಿದ್ದರು.

ಚಾಚಿದ ಕೈ ಹಿಂದೆ ಸರಿಯಿತು. ಭೌರಮ್ಮ ಹ್ಯಾಂಡಲ್ಲಿಗೆ ಹಣೆ ಹಚ್ಚಿ ತನ್ನ ಸ್ಥಾನಕ್ಕೆ ಹೋಗಿ ನಿಂತಳು.

ಮೊದಲ ಸುತ್ತಿನಲ್ಲಿ ಗುರುಪಾದಪ್ಪ ಚೆನ್ನಾಗಿಯೇ ಓಡಿಸಿದ. ಅಭಿಮಾನಕ್ಕೆ ಅಷ್ಟು ಶಕ್ತಿ ಇರುತ್ತದೆ. ಎರಡನೆಯ ಸುತ್ತಿನಲ್ಲಿ ಗುಡ್ಡ ತನ್ನ ಗುಣ ತೋರಿಸಿತು. ಏರಿನಲ್ಲಿ ಗರಸು ಮಣ್ಣಿನ ಮೇಲೆ ಹಿಂದಿನ ಗಾಲಿ ಸುಮ್ಮನೆ ತಿರುಗಿತು. ಇಳಿಜಾರಿನಲ್ಲಿ ಪ್ರತಿ ಕಲ್ಲಿನ ಪೆಟ್ಟೂ ಗಟ್ಟಿ ಟೈರಿನಿಂದ ನೇರವಾಗಿ ಮೊಣಕೈಗೆ, ಭುಜಕ್ಕೆ, ಹಲ್ಲಿಗೆ ಬಂತು. ಬ್ರೇಕು ಹಿಡಿದ ಬೆರಳುಗಳು ಮರಗಟ್ಟಿದವು. ತೊಡೆಯ ಸ್ನಾಯು ಹಗ್ಗ ಹೊಸೆದಂತೆ ತಿರುಚಿಕೊಂಡಿತು. ತಂದ ನೀರನ್ನೆಲ್ಲ ಒಂದೇ ಏರಿನಲ್ಲಿ ಕುಡಿದು ಮುಗಿಸಿದ್ದ. ಭೌರಮ್ಮ ಅವನನ್ನು ದಾಟಿ ಹೋದಳು. ಹೋಗುವಾಗ ತಲೆ ಬಾಗಿಸಿದಳು. ಅವನಿಗೆ ಅದೂ ಚುಚ್ಚಿತು.

ಪ್ರತಿ ಸುತ್ತು ಮುಗಿದಾಗ ಬಾವುಟದ ಕಟ್ಟೆಯಲ್ಲಿ ನಿಂತ ಅಧಿಕಾರಿಣಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಉತ್ತರವನ್ನು ಸ್ಪರ್ಧಿಯೇ ಬಾಯಿಬಿಟ್ಟು ಹೇಳಬೇಕು. ಅವರ ಪರವಾಗಿ ಬೇರೆಯವರು ಹೇಳುವಂತಿಲ್ಲ.

"ಮುಂದಕ್ಕೋ, ಸಾಕೋ?"

ಮೂರನೆಯ ಸುತ್ತು ಮುಗಿಸಿ ಬಂದಾಗ ಗುರುಪಾದಪ್ಪನಿಗೆ ಅವಳ ಮುಖ ಎರಡಾಗಿ ಕಾಣುತ್ತಿತ್ತು. ಹಿರಿಯರ ವಿಭಾಗದ ಇಬ್ಬರು ಆಗಲೇ ಸಾಕೆಂದು ಹೇಳಿ, ನೆರಳಿನಲ್ಲಿ ಕುಳಿತು ಕಲ್ಲಂಗಡಿ ತಿನ್ನುತ್ತಿದ್ದರು. ಯಾರೂ ಅವರನ್ನು ಹೀಯಾಳಿಸುತ್ತಿರಲಿಲ್ಲ. 'ಸಾಕು' ಎಂಬ ಪದ ಅವನ ನಾಲಿಗೆಯ ತುದಿಯವರೆಗೂ ಬಂತು. ಆ ಕ್ಷಣಕ್ಕೆ ಅಂಗಳದ ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ನಡುವೆ ರಾಚಪ್ಪ ಕೈಕಟ್ಟಿ ನಿಂತಿದ್ದ. ಅವನ ಮುಖದಲ್ಲೀಗ ಕುಚೋದ್ಯವಿರಲಿಲ್ಲ.

"ಮಾಸ್ತರ, ಇಳೀರಿ. ನಾ ಸುಮ್ನ ಚ್ಯಾಷ್ಟಿಗೆ ಅಂದಿದ್ನಿ" ಎಂದು ಅವನೇ ಕೂಗಿದ.

ಗುರುಪಾದಪ್ಪನಿಗೆ ಅದು ಕರುಣೆಯಂತೆ ಕೇಳಿಸಿತು. ಅಪಹಾಸ್ಯಕ್ಕಿಂತ ಕರುಣೆ ಅವನಿಗೆ ಹೆಚ್ಚು ಅಸಹ್ಯ.

"ಮುಂದಕ್ಕ" ಎಂದ.

ಗುಡ್ಡದ ಬೆನ್ನಿಗೆ ಒಂದು ಹಾಸುಬಂಡೆಯ ಇಳಿಜಾರಿತ್ತು. ಅಲ್ಲಿ ಅವನ ಮುಂದಿನ ಗಾಲಿ ಬಂಡೆಯನ್ನು ಕಚ್ಚಲಿಲ್ಲ. ಗಾಜಿನ ಮೇಲೆ ಗೋಲಿ ಜಾರಿದಂತೆ ಜಾರಿತು. ಅವನು ಸೈಕಲ್ಲಿನೊಂದಿಗೆ ಕೆಳಗಿನ ಕೊರಕಲಿಗೆ ಬಿದ್ದ. ತೊಡೆಯ ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಚೂಪುಗಲ್ಲೊಂದು ಮಾಂಸವನ್ನು ಸೀಳಿತ್ತು. ಸೈಕಲ್ಲು ಅವನ ಎದೆಯ ಮೇಲಿತ್ತು. ಅದನ್ನು ಸರಿಸುವ ಶಕ್ತಿ ಅವನ ಕೈಗಳಿಗಿರಲಿಲ್ಲ.

ತನ್ನ ಮುಂದಿನ ಸುತ್ತಿನಲ್ಲಿ ಅಲ್ಲಿಗೆ ಬಂದ ಭೌರಮ್ಮ ಅವನನ್ನು ಕಂಡಳು. ಹುಡುಗಿಯರಲ್ಲಿ ಆಗ ಅವಳೇ ಮುಂದಿದ್ದಳು. ಎರಡನೆಯವಳು ದೂರದ ತಿರುವಿನಲ್ಲಿದ್ದಳು. ಭೌರಮ್ಮ ಸೈಕಲ್ಲನ್ನು ಅಲ್ಲೇ ಕೆಡವಿ ಕೊರಕಲಿಗೆ ಇಳಿದಳು. ಅವನ ಸೈಕಲ್ಲನ್ನು ಎರಡೂ ಕೈಗಳಿಂದ ಹಿಡಿದು ಎತ್ತಿ ಬದಿಗಿಟ್ಟಳು. ಇಷ್ಟು ವರ್ಷಗಳಲ್ಲಿ ಗುರುವಿನ ಸೈಕಲ್ಲಿಗೆ ಅವಳ ಕೈ ತಾಗಿದ್ದು ಅದೇ ಮೊದಲು. ಇಡುವಾಗ ಅವಳ ಹೆಬ್ಬೆರಳು ತಾನಾಗಿ ಮುಂದಿನ ಟೈರನ್ನು ಒತ್ತಿ ನೋಡಿತು. ಗುರುಪಾದಪ್ಪ ಆ ಹೆಬ್ಬೆರಳನ್ನು ನೋಡಿದ.

ತನ್ನ ಬಳಿಯಿದ್ದ ಹೆಚ್ಚಿನ ಟ್ಯೂಬನ್ನು ಬಿಚ್ಚಿ ಅವಳು ಗಾಯದ ಮೇಲೆ ಬಿಗಿಯಾಗಿ ಕಟ್ಟಿದಳು. ಸಹಾಯಕ್ಕಾಗಿ ಕೊರಳಲ್ಲಿದ್ದ ಸೀಟಿ ಊದಿದಳು; ಯಾರೂ ಬರಲಿಲ್ಲ. ಕಟ್ಟಿದ ಮೇಲೆ ರಕ್ತ ನಿಂತಿತು.

ಇನ್ನು ಅವಳು ಹೋಗಬಹುದಿತ್ತು. ಕೆಳಗೆ ಬಾವುಟದ ಕಟ್ಟೆಯಲ್ಲಿ ಸುದ್ದಿ ಮುಟ್ಟಿಸಿದರೆ ಜನ ಬರುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಕೆಳಗ ಕಟ್ಟ್ಯಾಗ ಹೇಳಿ ಬರ್ಲೇನ್ರಿ ಮಾಸ್ತರ?" ಎಂದು ಅವಳು ಕೇಳಿದಳು. ಅವಳ ಕಣ್ಣು ಒಮ್ಮೆ ಮೇಲಿನ ದಾರಿಗೆ ಹೋಗಿ ಬಂತು.

ಗುರುಪಾದಪ್ಪ ಇಡೀ ಬದುಕಿನಲ್ಲಿ ಶಿಷ್ಯರಿಗೆ ಅತಿ ಹೆಚ್ಚು ಸಲ ಹೇಳಿದ ಮಾತು 'ನಡಿ' ಎಂಬುದು. ದಣಿದವರಿಗೆ, ಅತ್ತವರಿಗೆ, ಬಿದ್ದೆದ್ದವರಿಗೆ ಅವನು ಅದನ್ನೇ ಹೇಳಿದ್ದ. ಈಗ ಅದೊಂದು ಮಾತು ಅವನ ಬಾಯಿಂದ ಬರಬೇಕಿತ್ತು. ಬಂದದ್ದು ಬೇರೆ.

"ಬಿಟ್ಟು ಹೋಗಬ್ಯಾಡವ್ವಾ."

ಅವನ ಮುಷ್ಟಿ ಅವಳ ಮುಂಗೈಯನ್ನು ಹಿಡಿದಿತ್ತು.

ಎರಡನೆಯ ಹುಡುಗಿ ಬಂದಳು. ಗಾಬರಿಯಿಂದ ಬ್ರೇಕು ಹಾಕಿದಳು. "ಅಕ್ಕಾ, ಏನಾತು?" ಎಂದಳು.

"ನೀ ನಡಿ ತಂಗಿ. ಕೆಳಗ ಕಟ್ಟ್ಯಾಗ ಹೇಳು" ಎಂದಳು ಭೌರಮ್ಮ.

ಆ ಹುಡುಗಿ ಹೋದಳು. ಗಾಲಿಯ ಸದ್ದು ಇಳಿಜಾರಿನಲ್ಲಿ ಕ್ಷೀಣಿಸಿ ನಿಲ್ಲುವವರೆಗೂ ಭೌರಮ್ಮ ತಲೆ ಎತ್ತಲಿಲ್ಲ. ಜನ ಸ್ಟ್ರೆಚರ್ ತರುವಷ್ಟರಲ್ಲಿ ಬಿಸಿಲು ಬಂಡೆಯಿಂದ ಜಾರಿತ್ತು, ಸೂರ್ಯ ಪಶ್ಚಿಮಕ್ಕೆ ವಾಲಿದ್ದ. ಆಮೇಲೆ ಅವಳು ಸೈಕಲ್ಲೇರಿ ಸೂರ್ಯಾಸ್ತದವರೆಗೂ ಓಡಿಸಿದಳು. ಕಳೆದ ಸುತ್ತುಗಳು ಮರಳಲಿಲ್ಲ.

ಪಂದ್ಯದ ವ್ಯವಸ್ಥಾಪಕರು ಅವಳ ಮಾನವೀಯತೆಯನ್ನು ಕೊಂಡಾಡಿದರು. ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿದರು. ತಂಡದ ಸ್ಥಾನವನ್ನು ಎರಡನೆಯವಳಿಗೆ ಕೊಟ್ಟರು. ಅವರದು ತಪ್ಪಲ್ಲ. ಗುಡ್ಡವನ್ನು ಹೆಚ್ಚು ಸಲ ಸುತ್ತಿದವಳು ಆ ಹುಡುಗಿಯೇ.

ಭೌರಮ್ಮ ಆಸ್ಪತ್ರೆಗೆ ಬಂದಳು. ಗುರುಪಾದಪ್ಪನ ಕಾಲನ್ನು ತೂಗುಹಾಕಿದ್ದರು.

"ಮುಂಜಾನೇನ ಗೊತ್ತಿತ್ತೇನು, ಟೈರು ಜಾರತೈತಂತ?" ಎಂದು ಅವನು ಕೇಳಿದ.

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ನಿರಿ. ನೀವು ಹಣಿ ಹಚ್ಚು ಅಂದ್ರಿ."

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಚೀಲದಿಂದ ಆ ಶಾಲನ್ನು ತೆಗೆದು, ಮಡಿಕೆ ಬಿಚ್ಚಿ, ಅವನ ಎದೆಯವರೆಗೆ ಹೊದಿಸಿದಳು. "ಇಲ್ಲಿ ಥಂಡಿ ಭಾಳ ಐತ್ರಿ ಮಾಸ್ತರ" ಎಂದಳು. ಮುಂದಿನ ತಿಂಗಳು ದೂರದ ಊರಿನಲ್ಲಿ ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದಳು. ಮತ್ತೆ ಅಂಗಳಕ್ಕೆ ಬರಲಿಲ್ಲ.

ಗುರುಪಾದಪ್ಪ ಕೋಲು ಹಿಡಿದು ಅಂಗಳಕ್ಕೆ ಮರಳಿದ. ಗುಡ್ಡದಿಂದ ತಂದ ಅವನ ಸೈಕಲ್ಲು ಅಲ್ಲಿ ಗೋಡೆಗೆ ಒರಗಿತ್ತು. ಒಂದು ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಿರಿಯರನ್ನು ನೋಡಿ ಕಲಿತಂತೆ ಅದರ ಮುಂದೆ ಬಗ್ಗಿದಳು. ಅವನು ಕೋಲು ಅಡ್ಡ ಹಿಡಿದ.

"ಹಣಿ ಬ್ಯಾಡ. ಕೈ ಹಚ್ಚು. ಟೈರು ಒತ್ತಿ, ಗಾಳಿ ಹೆಂಗೈತಿ ಹೇಳು."

ಹುಡುಗಿ ಹೆಬ್ಬೆರಳಿನಿಂದ ಒತ್ತಿದಳು. ಅವನು ಹಿಂದಿನ ದಿನವೇ ಆ ಟೈರಿನ ಗಾಳಿಯನ್ನೆಲ್ಲ ಬಿಟ್ಟಿದ್ದ. ಹೆಬ್ಬೆರಳು ಗಾಲಿಯ ಉಕ್ಕಿನ ಅಂಚಿನವರೆಗೆ ಇಳಿಯಿತು.

"ಛಲೋ ಐತ್ರಿ ಮಾಸ್ತರ" ಎಂದಳು ಅವಳು.

"ಇನ್ನೊಮ್ಮೆ ಒತ್ತು."

ಹುಡುಗಿ ಇನ್ನೊಮ್ಮೆ ಒತ್ತಿದಳು. ಆದರೆ ಅವಳು ಟೈರನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

ನೀತಿ: ಸಿದ್ಧತೆಯಿಲ್ಲದೆ ಸಾಹಸಕ್ಕಿಳಿಯುವುದು ಧೈರ್ಯವಲ್ಲ, ಅಹಂಕಾರ. ಅದರ ಪೆಟ್ಟು ಇಳಿದವನ ಮೈಮೇಲಷ್ಟೇ ಬೀಳುವುದಿಲ್ಲ. ಅವನನ್ನು ಬಿಟ್ಟು ಹೋಗಲಾರದವರ ಬದುಕಿನ ಮೇಲೂ ಬೀಳುತ್ತದೆ. ಮಕ್ಕಳೇ, ನಾಳೆ ನೀವು ಹಿರಿಯರಾದಾಗ ನಿಮಗೆ ತಲೆಬಾಗುವವರು ನಿಮ್ಮ ತಪ್ಪನ್ನೂ ತೋರಿಸಬಲ್ಲರೇ ಎಂದು ಕೇಳಿಕೊಳ್ಳಿ. ಅವರ ಬಾಯಿ ಕಟ್ಟಿಹಾಕಿ ಪಡೆದ ಗೌರವವು ನಿಮ್ಮನ್ನು ಇಳಿಜಾರಿನಲ್ಲಿ ಕಾಯುವುದಿಲ್ಲ.