ಬೋರಮ್ಮನ ಹಲಸಿನ ಮಂಚ

ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ. ಬೋರಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. ನೀವು ನಗ್ತೀರಿ, ನಗಿ. ನನಗಂತೂ ಅವನನ್ನು ಕಂಡರೆ ಹೆಮ್ಮೆ.

ಬೋರಮ್ಮನಿಗೆ ಸೊಂಟನೋವು. ತಣ್ಣನೆ ನೆಲದ ಮೇಲೆ ಮಲಗಿ ಮಲಗಿ ಬೆಳಗ್ಗೆ ಏಳೋದಕ್ಕೇ ಆಗದು. ಹೀಗಿರುವಾಗ ಗಾಳಿಗೆ ಹಿತ್ತಲ ಹಲಸಿನ ಮರ ಉರುಳಿತು.

"ಲೋ ಚಿಕ್ಕೀರಾ, ನಂಗೊಂದು ಮಂಚಕ್ಕಾಯ್ತದೆ, ಹೋಗಿ ಕಡಿಯೋ!"

ಕಡಿದ. ದಪ್ಪನೆ ಕೊಂಬೆಯೊಂದನ್ನು ಮೊಳ ಮೊಳಕ್ಕೆ ಕಡಿದು ಒಲೆ ಮುಂದೆ ಒಟ್ಟಿದ.

"ಅಯ್ಯೋ ಪೆದ್ದು ಮುಂಡೇದೇ! ಇದ್ರಲ್ಲಿ ಬೆಕ್ಕಿಗೆ ಮಂಚ ಆದೀತು! ನನ್ನುದ್ದ ಬೇಕು ಕಣೋ. ನನ್ನ ಅಳತೆ ಇಟ್ಟು ಕಡಿ!"

"ಹೂಂ ಕಣವ್ವ."

ಅವ್ವನನ್ನು ಅನಾಮತ್ತಾಗಿ ಎತ್ತಿ ಉರುಳಿದ ಮರದ ದಿಮ್ಮಿ ಮೇಲೆ ಮಲಗಿಸಿದ. ತಲೆ ಹತ್ತಿರ ಇದ್ದಿಲಲ್ಲಿ ಒಂದು ಗೀಟು, ಕಾಲ ಹತ್ತಿರ ಒಂದು ಗೀಟು. ಅವಳು ಬಾಯಿ ಬಡ್ಕೊಂಡಳು. ಅವಳನ್ನು ಇಳಿಸಿ ಗೀಟಿಗೆ ಸರಿಯಾಗಿ ಕಡಿದ, ದಿಮ್ಮಿ ಮಾತ್ರ ಸರಿಯಾಗಿ ಅವಳುದ್ದಕ್ಕೇ ಬಂತು!

ಗರಗಸದವರು ಬಂದು ಏಳು ಹಲಗೆ ಕುಯ್ದು ಕೊಟ್ಟು ಹೋದರು. "ಒಣಗಿಸೋ," ಅಂದಳು ಬೋರಮ್ಮ. ಉರಿಬಿಸಿಲಲ್ಲಿ ಹರಡಿದ. ಸಂಜೆಯೊಳಗೆ ಒಂದು ಹಲಗೆ ಠಪ್ ಅಂತ ಸೀಳಿತು.

"ಹಾಳಾದೋನೇ! ಒಣಗಿಸೋದು ನೆರಳಲ್ಲಿ ಕಣೋ! ಬಿಸಿಲು ಸೋಕಿಸ್ಬೇಡ!"

ಉಳಿದ ಆರನ್ನೂ ಸೂರಿನ ನೆರಳಿಗೆ ಹೊತ್ತ. ಮಾರನೇ ದಿನ ಅವ್ವ ಮೆಣಸಿನಕಾಯಿ ಒಣಗಿಸು ಅಂದಳು. ಅದನ್ನೂ ಹಲಗೆ ಪಕ್ಕದಲ್ಲೇ ನೆರಳಿಗೆ ಸುರಿದ, ಮೇಲೆ ಗೋಣಿ ಹೊದಿಸಿದ. ಬಿಸಿಲು ಸೋಕಬಾರದಲ್ಲ! ನಾಲ್ಕೇ ದಿನಕ್ಕೆ ಎಲ್ಲ ಬೂಷ್ಟು.

"ವರ್ಷದ ಮೆಣಸಿನಕಾಯಿ ಹೋಯ್ತಲ್ಲೋ! ಒಣಗಾಕಿದ್ದನ್ನ ಮಗುಚ್ಬೇಕು ಕಣೋ! ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ! ಮರೆತೆಯೋ, ಹಿಟ್ಟಿಲ್ಲ ನಿಂಗೆ!"

ಮಗುಚೋಕೆ ಮೆಣಸಿನಕಾಯಿ ಎಲ್ಲಿತ್ತು? ಹಲಗೆ ಇದ್ದವು. ಬೆಳಗ್ಗೆ ಆರೂ ಹಲಗೆ ಮಗುಚಿದ, ಸಂಜೆ ಆರೂ ಹಲಗೆ ಮಗುಚಿದ. ಮಳೆ ಬಂತು, ಗೋಣಿ ಹೊದ್ದು ಮಗುಚಿದ. ಜ್ವರ ಬಂತು, ನಡುಗುತ್ತಾ ಮಗುಚಿದ. ಊರೆಲ್ಲ ನಕ್ಕಿತು. ಸಾಕು ಅಂತ ಯಾರೂ ಹೇಳಲಿಲ್ಲ, ಅವನೂ ಬಿಡಲಿಲ್ಲ. ಎಂಟು ತಿಂಗಳು ಕಣ್ರೀ! ತೋಳು ಒನಕೆ ಹಾಗಾಯ್ತು.

ಮಂಚ ಮಾಡೋಕೆ ಬಡಗಿ ವೀರಾಚಾರಿ ಬಂದ. ಒಂದು ಕಣ್ಣು ಮುಚ್ಚಿ ಹಲಗೆಯ ಉದ್ದಕ್ಕೂ ನೋಡಿದ. ಇನ್ನೊಂದು ನೋಡಿದ. ಉಳಿ ಕೆಳಗಿಟ್ಟ.

"ಬೋರವ್ವಾ, ಒಂದೂ ಸೊಟ್ಟಗಿಲ್ಲ, ಒಂದೂ ಬಿರುಕಿಲ್ಲ! ನಲವತ್ತು ವರ್ಷದಲ್ಲಿ ಇಂಥ ಹಲಸು ಕಂಡಿಲ್ಲ. ಯಾರು ಹದ ಮಾಡ್ದೋರು?"

"ನಮ್ ಪೆದ್ದ," ಅಂದಳು ಬೋರಮ್ಮ. ಮಗನ ಬೆನ್ನು ಸವರಿದಳು.

ಮಂಚ ಆಯ್ತು. ಜೇನಿನ ಬಣ್ಣ, ಸರಿಯಾಗಿ ಅವಳುದ್ದ. ಎಷ್ಟೋ ವರ್ಷದ ಮೇಲೆ ಬೋರಮ್ಮ ಸೊಂಟ ನೋಯದೆ ನಿದ್ದೆ ಮಾಡಿದಳು. ಕಣ್ಣು ಬಿಟ್ಟಾಗ ಬೆಳಗಾಗಿತ್ತು, ಮಗ ಪಕ್ಕದಲ್ಲೇ ನಿಂತಿದ್ದ.

"ಎಂಥಾ ನಿದ್ದೆ ಬಂತೋ ಮಗನೇ! ನಿನ್ನಂಥ ಮಗ ಯಾರಿಗಿದ್ದಾನೋ!"

"ಹೂಂ ಕಣವ್ವ," ಅಂದ. ಮಂಚದ ಅಂಚಿಗೆ ಎರಡೂ ಕೈ ಕೊಟ್ಟ. ಎತ್ತಿದ. ಮಗುಚಿದ.

ಅವ್ವ ನೆಲದ ಮೇಲೆ. ಅವ್ವನ ಮೇಲೆ ಮಂಚ.

"ಅಯ್ಯಯ್ಯೋ ಸತ್ತೆ! ಏನೋ ಇದು ಚಿಕ್ಕೀರಾ!"

"ಬೆಳಗಿಂದು ಆಯ್ತವ್ವ. ಅಲ್ಲೇ ಇರು, ಸಂಜೆದಕ್ಕೆ ಬತ್ತೀನಿ!"